ಕುಕ್ಕರ್ ಮತ್ತು ಕಥೆ

ಹೋದ ದೀಪಾವಳಿಗೆ ಮುಂಚೆ ಒಂದೇ ದಿನ ಎರಡು ಬರವಣಿಗೆ ಕೆಲಸ ಬಂದವು. ಒಂದು, ಕುಕ್ಕರಿನ ಜೊತೆ ಬರುವ ಕೈಪಿಡಿಯ ಅನುವಾದ. ಪದಕ್ಕೆ ಒಂದೂವರೆ ರೂಪಾಯಿಯಂತೆ 4000 ಪದಕ್ಕೆ 6000 ರೂಪಾಯಿ. ಇನ್ನೊಂದು, ವಿಶೇಷಾಂಕಕ್ಕೆ ಕಥೆ. ಗೌರವಧನ 800, ಅದೂ ಅಚ್ಚಾದ ಮೇಲೆ. ಎರಡಕ್ಕೂ ಹತ್ತೇ ದಿನ ಗಡುವು.

"ಕುಕ್ಕರಿನದೇ ತಗೋ, ಮಗಳ ಫೀಸು ಕಟ್ಟಬೇಕಲ್ಲ" ಎಂದರು ಇವರು. ಅತ್ತೆ ಮಾತ್ರ, "ಅದರಲ್ಲಿ ನಿನ್ನ ಹೆಸರು ಹಾಕ್ತಾರೇನೇ?" ಎಂದರು. ಎಲ್ಲಿಯ ಹೆಸರು! ಕರಾರಿನಲ್ಲಿ ಹಕ್ಕೆಲ್ಲ ಕಂಪನಿಯದೇ. ಕಥೆಯಾದರೋ, ನಾನಾಗಿ ಬರೆದುಕೊಡದ ಹೊರತು, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನನ್ನದೇ. ನಾಳೆ ಸಂಕಲನಕ್ಕೂ ಸೇರೀತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' 1963ರಲ್ಲಿ ಬಂದಾಗ ಅವರಿಗೂ ನಲವತ್ತೈದು ದಾಟಿತ್ತು, ನನ್ನ ಹಾಗೆ.

ಹಗಲು ಕುಕ್ಕರ್, ರಾತ್ರಿ ಕಥೆ ಎಂದುಕೊಂಡೆ. ಕೈಪಿಡಿ ಮುಗಿಯಿತು, ಫೀಸೂ ಕಟ್ಟಿದೆವು. ಕಥೆ ಮೂರನೇ ಪುಟದಲ್ಲೇ ನಿಂತಿತು. ವಿಶೇಷಾಂಕ ನನ್ನ ಹೆಸರಿಲ್ಲದೆಯೇ ಬಂತು.

ಮೊನ್ನೆ ಪಕ್ಕದ ಮನೆಯವರು ಹೊಸ ಕುಕ್ಕರ್ ತಂದು, "ಈ ಪುಸ್ತಕ ಎಷ್ಟು ಚೆನ್ನಾಗಿ ಅರ್ಥವಾಗುತ್ತೆ ರೀ" ಎಂದರು. ನಾನೇ ಬರೆದದ್ದು ಎನ್ನಲು ಬಾಯಿಗೆ ಬಂತು, ಸುಮ್ಮನಾದೆ.

ಆ ರಾತ್ರಿ ನಾಲ್ಕನೇ ಪುಟ ಶುರು ಮಾಡಿದೆ.