ದೇವಾಲಯದ ಸುತ್ತಣ ಕಟ್ಟಡಗಳು

ಕೆಲವು ವರ್ಷಗಳ ಕೆಳಗೆ ನಾವು ಮೇಲ್ತರಗತಿಯ ಬಾಲಿಕೆಯರಿಗೆ ಇಟಲಿ ದೇಶದ ಸಿಯೆನಾ ಪಟ್ಟಣದ ಚಿತ್ರವೊಂದನ್ನು ತೋರಿಸಿ ಪಾಠ ಹೇಳುತ್ತಿದ್ದೆವು. ಗುಡ್ಡದ ಮೇಲಣ ಆ ಪಟ್ಟಣದಲ್ಲಿ ಅಮೃತಶಿಲೆಯ ಪಟ್ಟೆಗಳಿಂದ ಶೋಭಿಸುವ ಪ್ರಧಾನ ದೇವಾಲಯವೊಂದುಂಟು. ಪುರಜನರು ಅದನ್ನು ಇನ್ನೂ ಹಿರಿದಾಗಿಸಬೇಕೆಂದು 1339ರಲ್ಲಿ ಕೆಲಸಕ್ಕೆ ಕೈಯಿಟ್ಟರು. 1348ರಲ್ಲಿ ಮಹಾಮಾರಿಯು ಬಂದೆರಗಿತು, ಕೆಲಸವು ಕೈಗೂಡಲಿಲ್ಲ. ಅರ್ಧಕ್ಕೆ ನಿಂತ ಆ ಗೋಡೆಗಳು ಇಂದಿಗೂ ಹಾಗೆಯೇ ಇವೆ. ದೇವಾಲಯಕ್ಕೆ ಎದುರಾಗಿಯೇ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬ ಪುರಾತನ ಆಸ್ಪತ್ರೆಯ ಕಟ್ಟಡ. ಯಾತ್ರಿಕರು, ರೋಗಿಗಳು, ತಾಯಿತಂದೆಗಳಿಲ್ಲದ ಶಿಶುಗಳು, ಇವರೆಲ್ಲರಿಗೂ ಅಲ್ಲಿ ಶತಮಾನಗಳ ಕಾಲ ಆಶ್ರಯ ದೊರೆಯುತ್ತಿದ್ದಿತು. ಈಗ ಅದು ವಸ್ತುಸಂಗ್ರಹಾಲಯವಾಗಿದೆ.

ಪಾಠವು ಮುಗಿಯುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯು ಎದ್ದುನಿಂತು, “ಅಮ್ಮನವರೇ, ನಮ್ಮೂರು ಕಡಬದಲ್ಲಿಯೂ ಹಳೆಯ ಗುಡಿಗಳಿವೆ. ಅವುಗಳ ಬಳಿ ಹಿಂದಿನವರು ಏನು ಕಟ್ಟಿಸಿದ್ದರು?” ಎಂದು ಕೇಳಿದಳು. “ಅದು ಪಾಠದಲ್ಲಿಲ್ಲ, ಕುಳಿತುಕೋ” ಎಂದೆವು. ಮಗು ಕುಳಿತಳು. ಆ ವರ್ಷವೆಲ್ಲಾ ಅವಳು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಉತ್ತರವು ನಮಗೆ ತಿಳಿಯದಿದ್ದುದೇ ನಿಜವಾದ ಸಂಗತಿ. ಅದನ್ನು ಒಪ್ಪಿಕೊಳ್ಳಲು ನಮಗೆ ನಾಚಿಕೆಯಾಗಿದ್ದಿತು.

ಮರುವರ್ಷ ಆ ತರಗತಿಯನ್ನೇ ಗುಬ್ಬಿಯ ಮಾರ್ಗವಾಗಿ ಕಡಬಕ್ಕೆ ಕರೆದೊಯ್ದೆವು. ಅಂದು ಆ ಹುಡುಗಿಯೇ ನಮ್ಮೆಲ್ಲರ ಉಪಾಧ್ಯಾಯಿನಿ. ಶ್ರೀರಾಮನ ಗುಡಿಯನ್ನೂ ಕೈಲಾಸೇಶ್ವರನ ಗುಡಿಯನ್ನೂ ತೋರಿಸಿ, ಕೊನೆಗೆ ಕೆರೆಯ ಏರಿಯ ಮೇಲೆ ನಮ್ಮನ್ನು ನಿಲ್ಲಿಸಿದಳು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಬರುವ ಶಿಂಷಾ ನದಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ಮಾಡಿದ ವಿಶಾಲವಾದ ಕೆರೆಯದು. ಶ್ರೀರಾಮನ ಅಪ್ಪಣೆಯಿಂದಲೇ ಅದಾಯಿತೆಂದು ಐತಿಹ್ಯ. ಕ್ರಿ. ಶ. 812ರ ತಾಮ್ರಶಾಸನವು ದೊರೆತುದೂ ಇದೇ ಊರಿನಲ್ಲಿ. ರಾಷ್ಟ್ರಕೂಟರ ಮೂರನೆಯ ಗೋವಿಂದನು ಜಿನಾಲಯದ ಸಲುವಾಗಿ ಅರ್ಕಕೀರ್ತಿಯೆಂಬ ಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ದಾನಮಾಡಿದ ಸಂಗತಿಯು ಅದರಲ್ಲಿದೆ.

ಏರಿಯ ಮೇಲೆ ನಿಂತಾಗ ಅವಳ ಪ್ರಶ್ನೆಗೆ ಉತ್ತರವು ನಮ್ಮ ಕಣ್ಣೆದುರಿಗೇ ಇದ್ದಿತು. ಸಿಯೆನಾದವರು ದೇವಾಲಯದೆದುರಿಗೆ ಆಸ್ಪತ್ರೆಯನ್ನು ಕಟ್ಟಿದರು. ನಮ್ಮ ಹಿರಿಯರು ಗುಡಿಗಳಿರುವ ಊರಿಗೆ ನೀರನ್ನು ನಿಲ್ಲಿಸಿದರು. ದೇವರನ್ನು ಪೂಜಿಸಿದವರು ನೆರೆಯವರ ಬಾಯಾರಿಕೆಯನ್ನೂ ನೋವನ್ನೂ ಮರೆಯಲಿಲ್ಲ. ಕ್ರಿಸ್ತನ ಹೆಸರಿನಲ್ಲಿ ಶಾಲೆಯನ್ನು ನಡೆಸುವ ನಮಗೆ ಇದು ಹೊಸ ಬೋಧೆಯಲ್ಲ. ಆದರೂ ಮಿಷನ್ ಶಾಲೆಯಲ್ಲಿ ಬೆಳೆದ ನಾವು ಅದನ್ನು ದೂರದೇಶದ ಚಿತ್ರದಲ್ಲಿ ಕಂಡೆವೇ ಹೊರತು ಹತ್ತಿರದ ಕೆರೆಯಲ್ಲಿ ಕಂಡಿರಲಿಲ್ಲ.

ಹಿಂದಿರುಗುವಾಗ ಆ ಹುಡುಗಿಯ ಕ್ಷಮೆಯನ್ನು ಎಲ್ಲರೆದುರಿಗೆ ಕೇಳಿದೆವು. ಅವಳು ನಕ್ಕು, “ಅಮ್ಮನವರೇ, ಕೆರೆ ತುಂಬಿದಾಗ ಇನ್ನೊಮ್ಮೆ ಬನ್ನಿ” ಎಂದಳು.

ಪ್ರಿಯ ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮಕ್ಕಳು ತಮ್ಮೂರಿನ ವಿಷಯವಾಗಿ ಏನನ್ನಾದರೂ ಕೇಳಿದರೆ, ಉತ್ತರವು ತಿಳಿಯದಿದ್ದಾಗ್ಯೂ “ಕುಳಿತುಕೋ” ಎನ್ನಬೇಡಿರಿ; ಅವರ ಕೈಹಿಡಿದು ಹೋಗಿ ನೋಡಿರಿ.