ಕಲ್ಲಿನ ಅಕ್ಷರಕ್ಕೆ ಕೈದೀಪ

ಪುತ್ತೂರು–ಸುಬ್ರಹ್ಮಣ್ಯ ಮಾರ್ಗದ ಕಾಣಿಯೂರಿನಂಥ ಮಳೆನಾಡಿನಲ್ಲಿ, ತೋಟದ ನೆರಳಿಗೆ ಬಿದ್ದ ಶಾಸನಗಲ್ಲನ್ನು ನಡುಹಗಲಿನಲ್ಲಿಯೂ ಓದುವುದು ಕಷ್ಟ. ಮಠದಲ್ಲಿ ಓಲೆಗರಿಗಳ ಮೇಲೆ ಕಣ್ಣು ಪಳಗಿಸಿಕೊಂಡ ನನಗೂ ಪಾಚಿಗಟ್ಟಿದ ಕಲ್ಲಿನೆದುರು ದೀಪದ ನೆರವು ಬೇಕು. ಅಕ್ಷರಗಳಿಗೆ ಸುಣ್ಣ ತುಂಬುವುದು ಸಲ್ಲದು. ತಪ್ಪಾಗಿ ತುಂಬಿದ ಗೆರೆಯೊಂದು ದಾನಿಯ ಹೆಸರನ್ನೇ ಬದಲಿಸೀತು.

ಛಾಯಾಚಿತ್ರಕ್ಕೆ ಎಂಥ ದೀಪ ಕೊಳ್ಳಬೇಕೆಂದು ತರುಣರು ಕೇಳಿದರೆ ನಾನು ಹೇಳುವುದಿಷ್ಟು: ಕ್ಯಾಮೆರಾದ ನೆತ್ತಿಯ ಫ್ಲ್ಯಾಷ್ ಎದುರಿನಿಂದ ಬೆಳಗಿ, ಕೊರೆದ ಗೆರೆಯ ನೆರಳನ್ನೇ ಅಳಿಸಿಬಿಡುತ್ತದೆ. ಬದಿಗೆ ಒಯ್ದು ಹಿಡಿಯಬಹುದಾದ, ಬ್ಯಾಟರಿಯ ಎಲ್‌ಇಡಿ ದೀಪ ಲೇಸು. ಬೆಳಕು ಕಲ್ಲಿನ ಮೈಯನ್ನು ಸವರುವಂತೆ ಓರೆಯಾಗಿ ಬಿದ್ದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ತೀರ ಸಮೀಪದಲ್ಲಿ ಹಿಡಿದರೆ ಒಂದಂಚು ಬೆಳ್ಳಗಾಗಿ ಇನ್ನೊಂದು ಕಪ್ಪಾಗುವುದು. ಆದುದರಿಂದ ತುಸು ದೂರದಿಂದಲೂ ಸಾಲುವಷ್ಟು ಪ್ರಖರತೆಯಿರಲಿ. ಗೆರೆಯ ಗುಂಟ ಹರಿದ ಬೆಳಕು ಆ ಗೆರೆಯನ್ನು ತೋರಿಸದು. ಎಡದಿಂದ, ಬಲದಿಂದ, ಮೇಲಿನಿಂದ ಬೇರೆಬೇರೆ ಚಿತ್ರ ತೆಗೆಯಬೇಕು. ಬಿಸಿಲಿದ್ದರೆ ಕಲ್ಲಿಗೆ ಕೊಡೆ ಹಿಡಿಯಬೇಕು.

ಬಿ.ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳೊಡನೆ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ಆರಂಭಿಸಿದಾಗ ಇಂಥ ದೀಪವಿರಲಿಲ್ಲ. ಇಂದು ಅದು ಜೋಳಿಗೆಯಲ್ಲಿ ಹಿಡಿಸುತ್ತದೆ. ಕಲ್ಲು ಮಾತ್ರ ಮಳೆಮಳೆಗೂ ಸವೆಯುತ್ತಲಿದೆ. ನಿಮ್ಮೂರ ಕಲ್ಲಿನ ಚಿತ್ರವನ್ನು ಈ ಬೇಸಗೆಯಲ್ಲಿಯೇ ತೆಗೆದಿಡಿರಿ.