ಎಷ್ಟು ಮರಕ್ಕೆ ಹೊಡ್ದಾಯ್ತು?

ಟೀಮ್ ಲೀಡ್ ಆದ ದಿನ ಊರಿಗೆ ಫೋನ್ ಮಾಡಿ, ‘ಪ್ರಮೋಷನ್ ಆಯ್ತು, ಇನ್ಮೇಲೆ ನನ್ನ ಕೈಕೆಳಗೆ ಐದು ಜನ’ ಅಂದೆ. ‘ಹೌದನಾ? ಅದ್ರಲ್ಲಿ ಇಬ್ಬರನ್ನ ಈ ಕಡೆ ಕಳ್ಸು ಮಾರಾಯ, ಕೊಳೆ ಔಷಧಿ ಹೊಡೆಯೋಕೆ ಒಬ್ಬರೂ ಸಿಗ್ತಿಲ್ಲ’ ಅಂದರು ಅಪ್ಪಯ್ಯ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ.

ಲೀಡ್ ಅಂದ್ರೆ ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೆಯೋನು ಮತ್ತು ಉಳಿದವರ ತಪ್ಪು ಹಿಡಿಯೋನು ಅಂತ ಆಗ ನಾನು ತಿಳಿದಿದ್ದೆ. ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡ್-ಅಪ್ ಮೀಟಿಂಗ್. ಯಾರದ್ದಾದರೂ ಕೋಡ್ ಸರಿಯಿಲ್ಲದಿದ್ದರೆ ಅಲ್ಲೇ ಎಲ್ಲರೆದುರು, ‘ಇದನ್ನ ಯಾವ ಕಾಲೇಜಲ್ಲಿ ಹೇಳ್ಕೊಟ್ರು?’ ಅಂತ ಕೇಳ್ತಿದ್ದೆ. ಉಳಿದವರು ನಗ್ತಿದ್ದರು. ನನ್ನ ಜೋಕು ಚೆನ್ನಾಗಿದೆ ಅಂತ ನಾನೂ ನಗ್ತಿದ್ದೆ.

ಟೀಮಲ್ಲಿ ಒಬ್ಬ ಹೊಸ ಹುಡುಗ, ಹಾಸನದ ಕಡೆಯವನು. ಐಟಿಯಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯೋದು, ಇವನೊಬ್ಬ ಮಾತ್ರ ನನಗೆ ಸರ್ ಅಂತಿದ್ದ. ಬೇಡ ಅಂತ ನಾನೂ ಹೇಳಿರಲಿಲ್ಲ.

ತಿಂಗಳ ಕೊನೆಗೆ ಗ್ರಾಹಕರಿಗೆ ಇನ್‌ವಾಯ್ಸ್ ಕಳಿಸುವ ಸ್ಕ್ರಿಪ್ಟ್ ನಮ್ಮದು. ಒಂದು ಸೋಮವಾರ ರಾತ್ರಿ ಅದು ಎರಡು ಸಲ ಓಡಿಬಿಟ್ಟಿತು. ನನಗೆ ಗೊತ್ತಾಗಿದ್ದು ಶುಕ್ರವಾರ ಸಂಜೆ, ಕ್ಲೈಂಟ್ ಕಡೆಯಿಂದ ಕೆಂಪಕ್ಷರದ ಮೇಲ್ ಬಂದಾಗ. ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದು, ‘ಯಾರು ಮಾಡಿದ್ದು?’ ಅಂದೆ. ಯಾರೂ ಉಸಿರೆತ್ತಲಿಲ್ಲ. ಹತ್ತು ನಿಮಿಷ ಲಾಗ್ ಜಾಲಾಡಿ ಆ ಹುಡುಗನ ಹೆಸರು ಹುಡುಕಿ ತೆಗೆದೆ. ಕಳ್ಳನನ್ನು ಹಿಡಿದ ಖುಷಿ ನೋಡಿ! ಕ್ಲೈಂಟಿಗೆ ಬರೆದ ಉತ್ತರದಲ್ಲಿ ಅವನ ಹೆಸರನ್ನೂ ಹಾಕಿದೆ.

ಅಸಲು ವಿಷಯ ಆಮೇಲೆ ತಿಳಿಯಿತು. ಮಂಗಳವಾರ ಬೆಳಗ್ಗೆಯೇ ಅವನಿಗೆ ತಪ್ಪು ಗೊತ್ತಾಗಿತ್ತು. ಮೂರು ರಾತ್ರಿ ಆಫೀಸಲ್ಲೇ ಕೂತು ಒಂದೊಂದೇ ಡೂಪ್ಲಿಕೇಟ್ ಇನ್‌ವಾಯ್ಸ್ ರದ್ದು ಮಾಡ್ತಿದ್ದ. ಗುರುವಾರ, ‘ಬಾಕಿ ಕಟ್ಟಿ’ ಅಂತ ನೆನಪಿಸುವ ಇನ್ನೊಂದು ಪ್ರೋಗ್ರಾಮ್ ತನ್ನ ಪಾಡಿಗೆ ತಾನು ಓಡಿ, ಉಳಿದಿದ್ದ ಡೂಪ್ಲಿಕೇಟುಗಳಿಗೆಲ್ಲ ಮೇಲ್ ಕಳಿಸಿಬಿಟ್ಟಿತು. ಮಂಗಳವಾರವೇ ಹೇಳಿದ್ದರೆ ಅರ್ಧ ದಿನದ ಕೆಲಸ.

ಒಂದು ತಿಂಗಳಲ್ಲಿ ಅವನು ಪೇಪರ್ ಹಾಕಿದ. ಕೊನೆಯ ದಿನ ಕೆಳಗಿನ ಕಾಂಡಿಮೆಂಟ್ಸ್‌ನಲ್ಲಿ ಟೀ ಕುಡೀತಾ, ‘ಮಂಗಳವಾರನೇ ಹೇಳಬಹುದಿತ್ತಲ್ಲೋ’ ಅಂದೆ.

‘ಹೇಳೋಣ ಅಂತಾನೇ ಸ್ಟ್ಯಾಂಡ್-ಅಪ್‌ಗೆ ಬಂದಿದ್ದೆ ಸರ್. ಅವತ್ತು ನೀವು ಇನ್ನೊಬ್ಬರಿಗೆ ಕಾಲೇಜ್ ಯಾವ್ದು ಅಂತ ಕೇಳ್ತಿದ್ರಿ’ ಅಂದ. ಟೀ ದುಡ್ಡು ಕೊಡೋಕೂ ನನಗೆ ಬಿಡಲಿಲ್ಲ.

ಕೆಲಸ ಹಿಂದೆ ಬಿತ್ತು. ಮ್ಯಾನೇಜರ್ ಹತ್ತಿರ ಗೋಗರೆದು ಮೂವರನ್ನು ಹೊಸದಾಗಿ ತಂದೆ, ಕೆಲಸ ಇನ್ನೂ ಹಿಂದೆ ಬಿತ್ತು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಮತ್ತಷ್ಟು ತಡವಾಗುತ್ತದೆ ಅಂತ ಐಬಿಎಂನಲ್ಲಿ ಪೆಟ್ಟು ತಿಂದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾನೆ. ಐದು ಜನರ ನಡುವೆ ಮಾತಾಡುವ ಜೋಡಿ 10, ಎಂಟು ಜನರಾದರೆ 28. ಬಿಇಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಮೇಲೆ ಅಲ್ಲೇ ಬಿಟ್ಟು ಬಂದಿದ್ದೆ ಅಂತ ಕಾಣುತ್ತೆ.

ಆ ಮಳೆಗಾಲದಲ್ಲಿ ಎರಡು ದಿನ ಊರಿಗೆ ಹೋಗಿದ್ದೆ. ತೋಟದಲ್ಲಿ ಬೋರ್ಡೋ ಮಾಡ್ತಿದ್ದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪಯ್ಯ ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡ್ತಾರೆ. ಕತ್ತಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ, ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟ ಹಾಗಾಗುತ್ತೆ. ಯಾರು ಕಲಸಿದರೂ ಕತ್ತಿ ಅದ್ದೋದೇ, ತಾನೇ ಕಲಸಿದರೂ ಅದ್ದೋದೇ. ಹಾಗಾಗಿ ಯಾರಿಗೂ ಅದು ಅವಮಾನ ಅನ್ನಿಸಲ್ಲ.

ಅದನ್ನು ನೋಡ್ತಾ ನಿಂತಾಗ ನಾನು ಏಳನೇ ಕ್ಲಾಸಲ್ಲಿದ್ದಾಗಿನ ಒಂದು ಸಂಗತಿ ನೆನಪಾಯಿತು. ಅಪ್ಪಯ್ಯ ಪೇಟೆಗೆ ಹೋಗಿದ್ದ ದಿನ, ಔಷಧಿ ಕಲಸುವವನು ಕತ್ತಿ ಅದ್ದೋದು ಮರೆತಿದ್ದ. ಅಪ್ಪಯ್ಯ ಬಂದು ಚೀಲ ಇಳಿಸುವ ಮೊದಲೇ ಅವನೇ ಎದುರು ಬಂದು, ‘ಅಯ್ಯಾ, ಸುಣ್ಣ ಕಮ್ಮಿ ಬಿದ್ದಿದೆ’ ಅಂದ.

‘ಎಷ್ಟು ಮರಕ್ಕೆ ಹೊಡ್ದಾಯ್ತು?’

‘ಹಳ್ಳದ ಕಡೆ ಎರಡು ಸಾಲು.’

‘ಸರಿ, ನಿಲ್ಸು. ಉಳಿದಿದ್ದಕ್ಕೆ ಸುಣ್ಣ ಕದಡಿ ಹಾಕು.’

ಅಷ್ಟೇ ಮಾತು. ತೋಟದಂಚಲ್ಲಿ ಛತ್ರಿ ಹಿಡಿದು ನಿಂತಿದ್ದ ನನಗೆ ಆಗ ಇದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಸ್ಟ್ಯಾಂಡ್-ಅಪ್‌ನಲ್ಲಿ ಕಾಲೇಜಿನ ಸುದ್ದಿ ಎತ್ತೋದು ಬಿಟ್ಟೆ. ಬಾಯಿಗೆ ಬಂದದ್ದನ್ನು ನುಂಗೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ನನ್ನ ಕೋಡನ್ನೂ ಬೇರೆಯವರು ನೋಡಿಯೇ ಮುಂದೆ ಕಳಿಸಬೇಕು ಅಂತ ನಿಯಮ ಮಾಡಿದೆ. ಮೊದಲ ವಾರವೇ ಹೊಸಬಳೊಬ್ಬಳು ನನ್ನದರಲ್ಲಿ ನಾಲ್ಕು ತಪ್ಪು ಹಿಡಿದಳು. ಏನಾದರೂ ಕೆಟ್ಟರೆ ಯಾರ ಹೆಸರೂ ಹಾಕದೆ, ಏನಾಯ್ತು, ಹೇಗಾಯ್ತು ಅಂತ ಮಾತ್ರ ಬರೆದಿಡ್ತೀವಿ. ಇದಕ್ಕೆ ಐಟಿಯವರು ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತಾರೆ. ಒಂದ್ಸಲ ಅಮ್ಮನಿಗೆ ಫೋನಲ್ಲಿ ‘ಪೋಸ್ಟ್‌ಮಾರ್ಟಮ್ ಇದೆ, ಆಮೇಲೆ ಮಾಡ್ತೀನಿ’ ಅಂದುಬಿಟ್ಟೆ. ‘ಅಯ್ಯೋ, ಯಾರು ಹೋದ್ರಾ?’ ಅಂತ ಅವಳು ಕೂಗಿದ್ದು ಪಕ್ಕದ ಸೀಟಿಗೂ ಕೇಳಿಸಿತು.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅದೇ ಹುಡುಗಿಯ ಫೋನ್. ‘ಒಂದು ತಪ್ಪಾಗಿದೆ, ಹಳೇ ರೇಟಲ್ಲೇ ಬಿಲ್ ಹೋಗ್ತಿದೆ’ ಅಂದಳು. ದನಿ ನಡುಗ್ತಿತ್ತು. ನನ್ನ ಬಾಯಿಗೆ ‘ಯಾ...’ ತನಕ ಬಂದಿತ್ತು. ತಡೆದು, ‘ಎಷ್ಟು ಹೋಗಿದೆ?’ ಅಂದೆ. ನಲವತ್ತು ಚಿಲ್ಲರೆ. ನಿಲ್ಲಿಸಿ ಸರಿ ಮಾಡಿ ಮಲಗುವಾಗ ಎರಡು ಗಂಟೆ.

ಭಾನುವಾರ ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿ, ‘ಅವತ್ತು ಅವನಿಗೆ ಒಂದು ಮಾತೂ ಬೈಲಿಲ್ಲ ನೀವು’ ಅಂದೆ. ಅವರಿಗೆ ನೆನಪೇ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, ‘ಬೈದಿರ್ತೀನಿ ಕಣಾ, ಔಷಧಿ ಹೊಡೆದು ಮುಗಿದ ಮೇಲೆ. ನೀನು ಅಷ್ಟೊತ್ತಿಗೆ ಊಟಕ್ಕೆ ಓಡಿರ್ತೀಯ’ ಅಂದರು.